ಮೈ ತುಂಬಿದ ಮೂರು ಕಿಲೋ

ಹೃದಯದ ಕಾಯಿಲೆಯವರ ಮನೆಯಲ್ಲಿ ಗಾಬರಿಗೆ ಬರಗಾಲವಿಲ್ಲ. ನಮ್ಮ ಮನೆಗಂತೂ ಅದು ಹಾಲಿನವನಿಗಿಂತ ಮೊದಲೇ ಬಂದುಬಿಡುತ್ತದೆ.

ಮರಾಠಿ ನಾಡಿನ ಖಡಕಿಯಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಫೈಲು ತಳ್ಳಿದವನು ನಾನು. ನಿವೃತ್ತಿಯಾದ ಮೇಲೆ ನನ್ನ ಹೃದಯವೂ ಕೆಲಸ ಬಾಕಿ ಇಡುವುದನ್ನು ಕಲಿಯಿತು. ರಕ್ತ ಪೂರಾ ದೂಡಲಾರದು, ಮೈಯಲ್ಲಿ ನೀರು ನಿಲ್ಲುತ್ತದೆ, ಉಪ್ಪು ತಿಂದರೆ ಇನ್ನೂ ಹೆಚ್ಚು. ಆಸ್ಪತ್ರೆಯಿಂದ ಮನೆಗೆ ಹೊರಟಾಗ ಡಾಕ್ಟರ್ ಮೇಡಂ, ನಮ್ಮ ಪುಣ್ಯಕ್ಕೆ ಬೆಳಗಾವಿಯವರು, ಕನ್ನಡದಲ್ಲೇ ಹೇಳಿದರು: ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ, ಕಾಲು ಬಾತರೆ, ಮಲಗಿದಾಗ ಉಸಿರು ಕಟ್ಟಿದರೆ, ಕಾಯಬೇಡಿ, ಫೋನ್ ಮಾಡಿ. ನನ್ನ ಹೆಂಡತಿ ಅದನ್ನು ಬರೆದು ದೇವರ ಫೋಟೋ ಪಕ್ಕ ಅಂಟಿಸಿದಳು. ಅಂದಿನಿಂದ ದೇವರಿಗಿಂತ ಹೆಚ್ಚು ಸಲ ಅದನ್ನೇ ನೋಡುತ್ತೇವೆ.

೧. ಚಳಿಗಾಲದ ತೂಕ

ದಿನಾ ಬೆಳಗ್ಗೆ ಚಹಾಕ್ಕೆ ಮೊದಲು ತೂಕ. ಡಿಸೆಂಬರಿನ ಒಂದು ಬೆಳಗ್ಗೆ ಮುಳ್ಳು ಎರಡೂವರೆ ಕಿಲೋ ಜಿಗಿಯಿತು. ಮತ್ತೆ ಆಸ್ಪತ್ರೆ, ಮತ್ತೆ ಆ ಹಾಸಿಗೆ ಎಂದು ಕುರ್ಚಿಯಲ್ಲಿ ಕುಸಿದೆ. ಹೆಂಡತಿ ಫೋನ್ ಹಚ್ಚಿದಳು.

“ಕಾಲು ಬಾತಾವೇನು?” ಮೇಡಂ ಕೇಳಿದರು.

“ಕಾಲು ಕಾಣವಲ್ಲವುರೀ. ಎರಡು ಜೋಡಿ ಉಣ್ಣಿ ಕಾಲಚೀಲ ಹಾಕ್ಯಾರ.”

“ಮೈಮ್ಯಾಲೆ?”

“ಎರಡು ಸ್ವೆಟರು, ಮ್ಯಾಲೊಂದು ರಗ್ಗು.”

ಮೇಡಂ ಅಂದರು, “ಮದ್ಲ ಒಳಗ ಯಜಮಾನ್ರು ಅದಾರೋ ಇಲ್ಲೋ ನೋಡ್ರಿ, ಆಮ್ಯಾಲೆ ತೂಕ ಮಾಡ್ರಿ.”

೨. ಆರು ತಲೆದಿಂಬು

ಮುಂದಿನ ತಪಾಸಣೆಯಲ್ಲಿ ಮೇಡಂ ಕೇಳಿದರು, “ಎಷ್ಟು ತಲಿದಿಂಬು ಬೇಕಾಗ್ತಾವು?”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, “ಆರು ಅದಾವ್ರಿ,” ಎಂದಳು. ಮನೆತನದ ಮರ್ಯಾದೆಯ ಪ್ರಶ್ನೆ ನೋಡಿ.

ಮೇಡಂ ಕೈಯ ಪೆನ್ನು ನಿಂತಿತು. “ಆರು? ಕುಂತ ನಿದ್ದಿ ಮಾಡ್ತಾರೇನು?” ನರ್ಸಿನ ಕಡೆ ತಿರುಗಿ ಬೆಡ್ ಖಾಲಿ ಇದೆಯೇ ನೋಡಿ ಎಂದರು. ನನಗೆ ನಿಜವಾಗಿಯೂ ಉಸಿರು ಕಟ್ಟಿತು.

“ನನಗ ಒಂದು ಸಾಕ್ರೀ,” ಎಂದೆ. “ಉಳಿದ ಐದು ಬೀಗರು ಬಂದ್ರ ಬೇಕಂತ ಕಪಾಟಿನ್ಯಾಗ ಅದಾವ.”

ಉಸಿರಾಡಲು ದಿಂಬಿನ ಮೇಲೆ ದಿಂಬು ಬೇಕಾಗುತ್ತ ಹೋದರೆ ಶ್ವಾಸಕೋಶಕ್ಕೆ ನೀರು ಸೇರುತ್ತಿದೆ ಎಂದು ಅರ್ಥ, ಅದಕ್ಕೇ ಕೇಳಿದೆ ಎಂದು ಮೇಡಂ ತಿಳಿಸಿದರು. ಹೆಂಡತಿ ಮನೆಗೆ ಬಂದವಳೇ ಐದೂ ದಿಂಬು ಎತ್ತಿ ನೆರೆಮನೆಯವರಿಗೆ ಕೊಟ್ಟುಬಂದಳು. “ಮನ್ಯಾಗ ಇದ್ರ ಅಲ್ಲ, ಬೇಕಾಗೂದು?”

೩. ಅಕ್ಕನ ಸಂತೋಷ

ತವರಿನ ಮದುವೆಗೆಂದು ಹೆಂಡತಿ ವಿಜಯಪುರಕ್ಕೆ ಹೋಗಬೇಕಾಯಿತು. ನನ್ನನ್ನು ಕಾಯಲು ಊರಿನ ಇನ್ನೊಂದು ತುದಿಯ ಕೊಂಢವಾದಿಂದ ನನ್ನ ಅಕ್ಕ ಬಂದಳು. ನಮ್ಮ ಅಪ್ಪ ಸೊರಗಿ ಸೊರಗಿ ತೀರಿಕೊಂಡವರು. ಹಾಗಾಗಿ ಅಕ್ಕನಿಗೆ ತೆಳ್ಳಗಾದವರನ್ನು ಕಂಡರೆ ಭಯ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅತ್ತಿದ್ದಳು.

ಮೊದಲ ದಿನ ಒಂದು ಕಿಲೋ ಏರಿತು. “ನನ್ನ ಕೈಯೂಟ ಹತ್ತೇದ ನೋಡು,” ಎಂದು ಅಕ್ಕ ಹಿಗ್ಗಿದಳು. ಮರುದಿನ ಇನ್ನೊಂದು. ಮೂರನೆಯ ದಿನಕ್ಕೆ ಮೂರು ಕಿಲೋ. ಈ ಸಲ ರಗ್ಗು ಇರಲಿಲ್ಲ. ಚಪ್ಪಲಿ ಕಾಲಿಗೆ ಹತ್ತುತ್ತಿರಲಿಲ್ಲ, ಒಂದು ಮಹಡಿ ಏರಲು ಎರಡು ಸಲ ನಿಲ್ಲುತ್ತಿದ್ದೆ. ನನಗೆ ಗೊತ್ತಿತ್ತು. ಆದರೆ ಅಕ್ಕನ ಮುಖ ನೋಡಿ ಹೇಳಲಾಗಲಿಲ್ಲ, ಆಸ್ಪತ್ರೆ ನೆನೆದು ಹೇಳುವ ಮನಸ್ಸೂ ಆಗಲಿಲ್ಲ. ಫೋನಿನಲ್ಲಿ ಹೆಂಡತಿಗೆ “ಆರಾಮ ಅದೀನಿ” ಎಂದೆ.

ನೆರೆಮನೆಯವರೂ ತಬ್ಯೇತು ಸುಧಾರಿಸಿದೆ, ಮೈ ತುಂಬಿದೆ ಎಂದಾಗ ಅಕ್ಕನಿಗೆ ದಿಗಿಲಾಯಿತು. ನನ್ನನ್ನು ಕೂರಿಸಿ, ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯತೊಡಗಿದಳು. ಮೂರನೆಯ ಸಲ ತಲೆಯಿಂದ ಇಳಿಸುತ್ತ ಪಾದದ ಹತ್ತಿರ ಬಂದ ಕೈ ಅಲ್ಲೇ ನಿಂತಿತು.

“ಇದ್ಯಾಕೋ ಕಾಲು ಹಿಂಗ?”

ಬೆರಳಿನಿಂದ ಒತ್ತಿದಳು. ಬಿದ್ದ ಕುಳಿ ಏಳಲಿಲ್ಲ. ಎದ್ದು ಹೋಗಿ ದೇವರ ಪಕ್ಕದ ಚೀಟಿ ಓದಿದಳು. ಮೇಡಂಗೆ ಫೋನ್ ಮಾಡಿ, ನನ್ನನ್ನು ರಿಕ್ಷಾಕ್ಕೆ ಹತ್ತಿಸಿದಳು. ದಾರಿಯುದ್ದಕ್ಕೂ ಬೇಗ ಹೋಗು ಎಂದು ರಿಕ್ಷಾದವನನ್ನು ಅವಸರಿಸುತ್ತಿದ್ದಳು. ಅಷ್ಟು ಹೆದರಿದ ಅಕ್ಕನನ್ನು ನಾನು ಅಪ್ಪನ ಸಾವಿನ ನಂತರ ನೋಡಿರಲಿಲ್ಲ.

ಮೇಡಂ ಕೇಳಿದರು, “ಉಪ್ಪು ಏನರ ಕೊಟ್ಟೀರೇನು?”

ಅಕ್ಕ ಮೆಲ್ಲಗೆ ಮುಷ್ಟಿ ಬಿಚ್ಚಿದಳು. “ಮೂರು ಸಲ ಇಳಿಸೀನ್ರಿ. ಬಾಯಾಗ ಒಂದ್ ಹರಳೂ ಹಾಕಿಲ್ಲ.”

ಡಬ್ಬಿಯ ಹಪ್ಪಳ ಕದ್ದು ತಿಂದಿದ್ದ ನಾನು ಗೋಡೆ ನೋಡುತ್ತಿದ್ದೆ.

ಇಂಜೆಕ್ಷನ್ ಕೊಟ್ಟರು. ನಾಲ್ಕು ದಿನದಲ್ಲಿ ನೀರೆಲ್ಲ ಇಳಿಯಿತು, ಉಸಿರು ಹಗುರಾಯಿತು. ಓಡಿಬಂದಿದ್ದ ಹೆಂಡತಿಗೆ ಮೇಡಂ ನಗುತ್ತ, “ಮೂರೂ ಕಿಲೋ ಹೋತು. ಒಂದ್ ದಿನ ತಡಾ ಮಾಡಿದ್ರ ಕಷ್ಟ ಇತ್ತು. ನಿಮ್ಮ ನಾದಿನಿ ಉಳಿಸಿದ್ರು,” ಎಂದರು.

ಅಕ್ಕ ಮಾತ್ರ ನನ್ನ ಇಳಿದ ಕೆನ್ನೆ ಸವರಿ ಕಣ್ಣೊರೆಸಿಕೊಂಡಳು.

“ಗಡಿಬಿಡ್ಯಾಗ ಉಪ್ಪು ಒಲಿಗೆ ಹಾಕೂದು ಮರತೆ. ನೋಡ್ರಿ, ದೃಷ್ಟಿ ತಾಕೇ ಬಿಡ್ತು.”