ಕೆಂಪು ದೀಪಕ್ಕೆ ನಿಂತ ಕಾರು ಹಾಗೂ ಹಿಂದಕ್ಕೆ ಚೆಲ್ಲಿದ ಸಾಂಬಾರಿನ ಕುರಿತು

(ಇಲಾಖೆಯ ಹೆಸರನ್ನು ಆಡಳಿತಾತ್ಮಕ ಕಾರಣಗಳಿಂದ ತಡೆಹಿಡಿಯಲಾಗಿದೆ)

ಸುತ್ತೋಲೆ ಸಂಖ್ಯೆ: ರಸು/ಡಿಕ್ಕಿ/ಹಿಂ.ಮುಂ/47/2025-26
ಚೆನ್ನೈ, ದಿನಾಂಕ: 14-11-2025

ವಿಷಯ: ಕಾರು ಅಪಘಾತಗಳ ಸಾಮಾನ್ಯ ಕಾರಣಗಳು ಮತ್ತು ಚಾಲಕರು ಅವುಗಳನ್ನು ತಡೆಗಟ್ಟಲು ಅನುಸರಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ:
(1) ದಿನಾಂಕ 10-10-2025ರ ಶುಕ್ರವಾರ ಪಲ್ಲಾವರಂ ಸಂತೆಯ ಸಮೀಪದ ಸಿಗ್ನಲಿನಲ್ಲಿ ಸಂಭವಿಸಿದ ಡಿಕ್ಕಿ.
(2) ಸದರಿ ಡಿಕ್ಕಿಯ ವಿಚಾರಣಾ ವರದಿ, ಪುಟಗಳು 112.
(3) ಸಾಂಬಾರಿನ ಕಲೆಗಳ ಪರಿಶೀಲನಾ ವರದಿ, ಪುಟ 1.

ಪ್ರಸ್ತಾವನೆ:

ಸಸ್ಯಾಹಾರಿ ಹೋಟೆಲೊಂದರ ಪಲ್ಲಾವರಂ ಅಡುಗೆಮನೆಯಿಂದ ಬೆಸೆಂಟ್ ನಗರದ ಶಾಖೆಗೆ ಪ್ರತಿದಿನ ನಲವತ್ತು ಲೀಟರ್ ಸಾಂಬಾರನ್ನು ಕಾರಿನಲ್ಲಿ ಸಾಗಿಸುವ ಚಾಲಕ ಶ್ರೀ ವಿಷ್ಣುಮೂರ್ತಿ ಎಂಬವರು, ಮೇಲ್ಕಂಡ ಶುಕ್ರವಾರ ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಕೆಂಪು ದೀಪ ಉರಿಯುತ್ತಿದೆ ಎಂಬ ಏಕೈಕ ಕಾರಣಕ್ಕಾಗಿ ತಮ್ಮ ಕಾರನ್ನು ನಿಲ್ಲಿಸಿರುತ್ತಾರೆ. ಆ ಸಮಯದಲ್ಲಿ ಎದುರಿಗೆ ಪೊಲೀಸರಾಗಲಿ, ಕ್ಯಾಮೆರಾ ಆಗಲಿ, ಗಣ್ಯರ ವಾಹನಗಳಾಗಲಿ ಇರಲಿಲ್ಲವೆಂಬುದು ವಿಚಾರಣೆಯಿಂದ ದೃಢಪಟ್ಟಿದೆ. ತತ್ಪರಿಣಾಮವಾಗಿ ಸದರಿಯವರ ಕಾರಿನ ಹಿಂಭಾಗವು, ಹಿಂದೆ ಬರುತ್ತಿದ್ದ ಈ ಇಲಾಖೆಯ ಉಪನಿರ್ದೇಶಕ (ರಸ್ತೆ ಸುರಕ್ಷತೆ) ಶ್ರೀ ಗಿರಿಧರ್ ಅವರ ಕಾರಿನ ಮುಂಭಾಗಕ್ಕೆ ತಗಲಿರುತ್ತದೆ. ಉಪನಿರ್ದೇಶಕರು ಆಗ, ರಸ್ತೆ ಸುರಕ್ಷತಾ ಸಪ್ತಾಹದ ಬ್ಯಾನರಿನಲ್ಲಿ ತಮ್ಮ ಭಾವಚಿತ್ರದ ಅಳತೆ ಸಮರ್ಪಕವಾಗಿದೆಯೇ ಎಂಬುದನ್ನು ಮೊಬೈಲಿನಲ್ಲಿ ಪರಿಶೀಲಿಸುವ ಕರ್ತವ್ಯದಲ್ಲಿ ನಿರತರಾಗಿದ್ದರು.

ಡಿಕ್ಕಿಯ ತರುವಾಯ ಉಪನಿರ್ದೇಶಕರು ಕೆಳಗಿಳಿದು ಸದರಿ ಚಾಲಕರನ್ನು, “ಸಾವುಗಿರಾಕಿ! ಮನೆಯಲ್ಲಿ ಹೇಳಿ ಬಂದಿದ್ದೀಯೇನಯ್ಯಾ?” ಎಂದು ತಮಿಳಿನಲ್ಲಿ ವಿಚಾರಿಸಿರುತ್ತಾರೆ. ಇದನ್ನು ಸಾರ್ವಜನಿಕರ ಕೌಟುಂಬಿಕ ಕ್ಷೇಮವಿಚಾರಣೆ ಎಂದು ದಾಖಲಿಸಿಕೊಳ್ಳಲಾಗಿದೆ. “ಹೇಳಿಯೇ ಬಂದದ್ದು ಸಾರ್, ಹನ್ನೊಂದಕ್ಕೆ ಸಾಂಬಾರು ಮುಟ್ಟಿಸ್ತೇನೆ ಅಂತ” ಎಂದು ಚಾಲಕರು ನೀಡಿದ ಉತ್ತರವನ್ನು ಉದ್ಧಟತನ ಎಂದು ದಾಖಲಿಸಿಕೊಳ್ಳಲಾಗಿದೆ.

ಹಠಾತ್ತನೆ ಬ್ರೇಕ್ ಹಾಕಿದ ಆರೋಪದ ಮೇಲೆ ಅವರ ಚಾಲನಾ ಪರವಾನಗಿಯನ್ನು ಸ್ಥಳದಲ್ಲೇ ವಶಪಡಿಸಿಕೊಂಡು, ಅಂತಿಮ ಆದೇಶದವರೆಗೆ ಕಾರು ಚಲಾಯಿಸಲು ಸಾಕಾಗುವ ಸ್ವೀಕೃತಿ ಚೀಟಿಯೊಂದನ್ನು ನೀಡಿ, ಪರವಾನಗಿಯನ್ನು ಏಕೆ ರದ್ದುಪಡಿಸಬಾರದೆಂದು ನೋಟೀಸು ಜಾರಿ ಮಾಡಲಾಯಿತು. ತಾವು ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದು, ಪರವಾನಗಿ ಹೋದರೆ ಕೆಲಸವೂ ಹೋಗುವುದೆಂದೂ, ಐವತ್ತೆಂಟರ ವಯಸ್ಸಿನಲ್ಲಿ ಬೇರೆ ವಿದ್ಯೆ ಕೈಹತ್ತುವುದಿಲ್ಲವೆಂದೂ ಅವರು ಮನವಿ ಸಲ್ಲಿಸಿರುತ್ತಾರೆ. ಹೊಟ್ಟೆಪಾಡು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹಿಂಬರಹ ನೀಡಲಾಗಿದೆ.

ಘಟನೆಯ ಸಮಯದಲ್ಲಿ ಅಷ್ಟು ಹತ್ತಿರದಲ್ಲಿದ್ದ ಅಧಿಕಾರಿ ಬೇರೊಬ್ಬರು ಇಲ್ಲದ ಕಾರಣ, ಶ್ರೀ ಗಿರಿಧರ್ ಅವರನ್ನೇ ವಿಚಾರಣಾಧಿಕಾರಿಯಾಗಿ ನೇಮಿಸಲಾಯಿತು. ಅವರು ತಮ್ಮನ್ನು ತಾವು ಎರಡು ದಿನ ಕೂಲಂಕಷವಾಗಿ ಪ್ರಶ್ನಿಸಿ, ತಮ್ಮ ಉತ್ತರಗಳು ತೃಪ್ತಿಕರವೆಂದು ಕಂಡುಕೊಂಡಿರುತ್ತಾರೆ.

ಆದಾಗ್ಯೂ, ಚಾಲಕರ ಪಕ್ಕದ ಆಸನದಲ್ಲಿ ವಡೆಯ ಬುಟ್ಟಿ ಹಿಡಿದು ಕುಳಿತಿದ್ದ ಅಡುಗೆಯವರಾದ ಶ್ರೀಮತಿ ಚಂದ್ರಮತಿ ಎಂಬವರು ಆ ದಿನದ ಸೀರೆಯನ್ನು ಒಗೆಯದೆ ಕಛೇರಿಗೆ ತಂದು, ಮೇಜಿನ ಮೇಲೆ ಹರಡಿ, ಈ ಕೆಳಗಿನಂತೆ ಹೇಳಿಕೆ ನೀಡಿದ್ದರಿಂದ ವಿಚಾರಣೆಯು ತಾತ್ಕಾಲಿಕವಾಗಿ ಸ್ಥಗಿತಗೊಂಡಿತು:

“ಇವರು ಬ್ರೇಕ್ ಜೋರು ಹಾಕಿದ್ದಿದ್ರೆ ಸಾಂಬಾರು ಮುಂದೆ ಬಂದು ನಮ್ಮಿಬ್ಬರ ಬೆನ್ನು ಬೇಯ್ತಿತ್ತು ಸಾರ್. ನೋಡಿ, ಸೀರೆಗೆ ಒಂದು ಹನಿ ಉಂಟಾ? ಹಿಂದಿನ ಗಾಜು ಒಡೆದು ಎಲ್ಲ ನಿಮ್ಮ ಬಾನೆಟ್ಟಿಗೇ ಬಿದ್ದದ್ದು. ನುಗ್ಗೆಕಾಯಿ ನಿಮ್ಮ ವೈಪರಿಗೆ ಹೋಗಿ ಸಿಕ್ಕಿಕೊಂಡದ್ದು ಹೇಗೆ ಮಾರಾಯ್ರೇ? ಅದಕ್ಕೆಂತ ಕಾಲು ಉಂಟಾ?”

ಉಲ್ಲೇಖ (3)ರ ವರದಿಯು ಇದನ್ನೇ ಸಮರ್ಥಿಸಿದೆ. ನಿಂತ ಕಾರಿಗೆ ಹಿಂದಿನಿಂದ ಗುದ್ದಿದಾಗ ಮಾತ್ರ ಸಾಂಬಾರು ಹಿಂದಕ್ಕೆ ಚೆಲ್ಲುತ್ತದೆ ಎಂಬ ಪ್ರಕೃತಿ ನಿಯಮದಲ್ಲಿ ಅಧಿಕಾರಿಗಳಿಗೆ ವಿನಾಯಿತಿ ಇಲ್ಲದಿರುವುದನ್ನು ಇಲಾಖೆಯು ವಿಷಾದದಿಂದ ಗಮನಿಸಿದೆ.

ಈ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ನಗರದ ಸಮಸ್ತ ಚಾಲಕರು ಕೆಳಕಂಡ ಸೂಚನೆಗಳನ್ನು ಚಾಚೂತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ:

1. ಡಿಕ್ಕಿಯ ಮೂಲ ಕಾರಣವು ಮುಂದೆ ಒಂದು ವಾಹನ ಇರುವುದೇ ಆಗಿರುತ್ತದೆ. ಮುಂದೆ ಯಾರೂ ಇಲ್ಲದ ಸಂದರ್ಭದಲ್ಲಿ ಯಾವ ಅಧಿಕಾರಿಯೂ ಯಾರಿಗೂ ಗುದ್ದಿದ ನಿದರ್ಶನವಿಲ್ಲ. ಆದ್ದರಿಂದ ಚಾಲಕರು ಸಾಧ್ಯವಾದಷ್ಟೂ ಮುಂದೆ ಇರಕೂಡದು.

2. ಕೆಂಪು ದೀಪಕ್ಕೆ ನಿಲ್ಲಲು ಇಚ್ಛಿಸುವವರು, ಹಿಂದಿನ ವಾಹನದ ಚಾಲಕರಿಗೆ ಮೂರು ಪ್ರತಿಗಳಲ್ಲಿ ಮುಂಚಿತವಾಗಿ ತಿಳಿವಳಿಕೆ ಪತ್ರ ನೀಡಿ ಒಪ್ಪಿಗೆ ಪಡೆಯತಕ್ಕದ್ದು. ಹಿಂದಿನವರು ಮೊಬೈಲಿನಲ್ಲಿ ನಿರತರಾಗಿದ್ದಲ್ಲಿ, ಅವರು ಮುಗಿಸುವವರೆಗೆ ನಿಲ್ಲದೆ ಕಾಯತಕ್ಕದ್ದು.

3. ಮೊಬೈಲು ಅಪಘಾತಕ್ಕೆ ಕಾರಣವೆಂಬ ಭಾವನೆ ತಪ್ಪು. ಶೋಳಿಂಗನಲ್ಲೂರಿನ ಕಛೇರಿ ಕ್ಯಾಬುಗಳಲ್ಲಿ ದಾರಿಗೊಂದು, ಮಾತಿಗೊಂದು, ಕ್ರಿಕೆಟ್ಟಿಗೊಂದು ಎಂದು ಮೂರು ಮೊಬೈಲುಗಳಿದ್ದು, ಮೂರನ್ನೂ ಏಕಾಗ್ರತೆಯಿಂದ ನೋಡುತ್ತಿರುವಾಗ ನಡುವೆ ರಸ್ತೆ ಬಂದು ಗಮನವನ್ನು ಸೆಳೆಯುತ್ತದೆ. ಮೊಬೈಲು ನೋಡುವಾಗ ರಸ್ತೆ ನೋಡುವುದನ್ನು ನಿಷೇಧಿಸಲಾಗಿದೆ.

4. ಎರಡು ಕಾರುಗಳ ನಡುವೆ ಬಿಡಲಾಗುವ ಅಂತರವನ್ನು ಖಾಲಿ ನಿವೇಶನವೆಂದು ಘೋಷಿಸಲಾಗಿದೆ. ಅದರ ಒತ್ತುವರಿಗೆ ಆಟೋಗಳಿಗೆ ಮೊದಲ ಆದ್ಯತೆ, ನೀರಿನ ಟ್ಯಾಂಕರುಗಳಿಗೆ ಅಂತಿಮ ಹಕ್ಕು.

5. ಬ್ರೇಕಿನ ಬದಲು ಹಾರ್ನ್ ಬಳಸತಕ್ಕದ್ದು. ಬೆಸೆಂಟ್ ನಗರದಲ್ಲಿ ಸಂಜೆ ಕಡಲತೀರಕ್ಕೆ ರಸ್ತೆ ದಾಟುವ ಹಿರಿಯ ನಾಗರಿಕರು ಹಾರ್ನಿಗೆ ಜಿಗಿಯುವ ಎತ್ತರವನ್ನು ಆಧರಿಸಿ ಚಾಲಕರ ದಕ್ಷತೆಯನ್ನು ನಿರ್ಧರಿಸಲಾಗುವುದು. ಕಾಲು ಮಡಿಸಲಾಗದ ಹಿರಿಯರು ವೈದ್ಯರ ಪ್ರಮಾಣಪತ್ರ ತೋರಿಸಿ ನಡೆದೇ ದಾಟಬಹುದು.

6. ಸೀಟು ಬೆಲ್ಟಿನ ಬಗ್ಗೆ: ಉಪನಿರ್ದೇಶಕರು ಎಚ್ಚರಿಕೆಯ ಸದ್ದು ಅಡಗಿಸಲು ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿಕೊಂಡಿದ್ದು, ಅವರ ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟೆ ಎದ್ದಿರುತ್ತದೆ. ಹಗ್ಗದಿಂದ ಎರಡೂ ಬದಿಗೆ ಬಿಗಿದಿದ್ದ ಸಾಂಬಾರಿನ ಪಾತ್ರೆಗೆ, ಮುಚ್ಚಳ ಹಾರಿದ್ದನ್ನು ಬಿಟ್ಟರೆ, ಒಂದು ತಗ್ಗೂ ಬಿದ್ದಿರುವುದಿಲ್ಲ. ಬೆಲ್ಟು ಪಾತ್ರೆಗಳಿಗಾಗಿಯೇ ಇರುವುದೆಂದು ಇದರಿಂದ ಸ್ಪಷ್ಟವಾಗುತ್ತದೆ.

7. ಸಾಕ್ಷಿ ನುಡಿಯುವ ಪದಾರ್ಥಗಳನ್ನು ಕಾರಿನಲ್ಲಿ ಸಾಗಿಸುವುದನ್ನು ತಕ್ಷಣದಿಂದ ನಿರ್ಬಂಧಿಸಲಾಗಿದೆ. ಸಾಂಬಾರಿಗೂ ತಿಳಿಸಾರಿಗೂ ಪೂರ್ಣ ನಿಷೇಧ. ಇಡ್ಲಿಯು ಎಲ್ಲಿ ಇಟ್ಟರಲ್ಲಿ ಇದ್ದು ಸರಕಾರಿ ಶಿಸ್ತನ್ನು ಪಾಲಿಸುವುದರಿಂದ ಅದಕ್ಕೆ ಅನುಮತಿ ಇದೆ. ತೆಂಗಿನಕಾಯಿ ಚಟ್ನಿಯ ವಿಷಯವು ಪರಿಶೀಲನೆಯಲ್ಲಿದೆ.

8. ಶ್ರೀ ವಿಷ್ಣುಮೂರ್ತಿಯವರ ಪರವಾನಗಿಯ ಬಗ್ಗೆ: ಕೆಂಪು ದೀಪಕ್ಕೆ ನಿಂತವರನ್ನು ಶಿಕ್ಷಿಸುವ ನಿಯಮವೊಂದಕ್ಕಾಗಿ ಐದು ವಾರಗಳ ಕಾಲ ಕಡತಗಳನ್ನು ಶೋಧಿಸಲಾಯಿತು. ಅಂತಹ ನಿಯಮ ದೊರೆತಿರುವುದಿಲ್ಲ. ಬದಲಾಗಿ, ನಿಲ್ಲಬೇಕೆಂಬ ನಿಯಮವೇ ಇರುವುದು ಕಂಡುಬಂದು ಕಛೇರಿಯಲ್ಲಿ ಆಶ್ಚರ್ಯ ವ್ಯಕ್ತವಾಯಿತು. ಆದ್ದರಿಂದ ಬೇರೆ ದಾರಿ ಕಾಣದೆ ರದ್ದತಿಯ ನೋಟೀಸನ್ನು ಹಿಂಪಡೆದು, ಪರವಾನಗಿಯನ್ನು ಮರಳಿಸಲು ಆದೇಶಿಸಲಾಗಿದೆ. ಇದನ್ನು ಸದರಿಯವರು ತಮ್ಮ ಗೆಲುವೆಂದು ಭಾವಿಸತಕ್ಕದ್ದಲ್ಲ.

9. ಮೂಲತಃ ಕನ್ನಡಿಗರಾದರೂ ಮೂವತ್ತು ವರ್ಷ ಚೆನ್ನೈಯಲ್ಲಿದ್ದು ತಮಿಳನ್ನು ಚೆನ್ನಾಗಿಯೇ ಬಲ್ಲ ಸದರಿ ಚಾಲಕರು, ಅರ್ಥವಾಗಲಿಲ್ಲವೆಂಬ ನೆಪ ಹೂಡದಂತೆ ಈ ಸುತ್ತೋಲೆಯನ್ನು ಕನ್ನಡದಲ್ಲೂ ಹೊರಡಿಸಲಾಗಿದೆ.

ಸಹಿ/-
(ಗಿರಿಧರ್)
ಉಪನಿರ್ದೇಶಕರು (ರಸ್ತೆ ಸುರಕ್ಷತೆ)
ಮೊಬೈಲಿನಲ್ಲಿ ಓದಿ ಅನುಮೋದಿಸಿದೆ. ಸ್ಥಳ: ಚಲಿಸುತ್ತಿರುವ ಕಾರು.

ಪ್ರತಿಗಳು:

1. ಬ್ಯಾನರ್ ಮುದ್ರಕರಿಗೆ: ಭಾವಚಿತ್ರವನ್ನು ಬುಗುಟೆ ಕಾಣದ ಬದಿಯಿಂದ ಮುದ್ರಿಸುವ ಸೂಚನೆಯೊಂದಿಗೆ.

2. ಹೋಟೆಲಿನ ಯಜಮಾನರಿಗೆ: ಬಾನೆಟ್ಟಿನ ಮೇಲಿನ ಮಾದರಿಯನ್ನು ರುಚಿ ನೋಡಿದ ಕಛೇರಿ ಸಿಬ್ಬಂದಿ ಉಪ್ಪು ಸ್ವಲ್ಪ ಮುಂದು ಎಂದು ಅಭಿಪ್ರಾಯಪಟ್ಟಿರುವುದನ್ನು ಗಮನಕ್ಕೆ ತರುತ್ತಾ.

3. ಶ್ರೀಮತಿ ಚಂದ್ರಮತಿ ಅವರಿಗೆ: ಕಲೆಯಿಲ್ಲದ ಸಾಕ್ಷ್ಯವಾಗಿ ಪಡೆದ ನೀಲಿ ಸೀರೆಯನ್ನು, ಕಛೇರಿಯ ಚಹಾದ ಎರಡು ಕಲೆಗಳ ಸಹಿತ ಹಿಂದಿರುಗಿಸಲಾಗಿದೆ.

4. ಕಛೇರಿಯ ಜವಾನ ಶ್ರೀ ಅಂದಾನಿ ಅವರಿಗೆ: ಶ್ರೀ ವಿಷ್ಣುಮೂರ್ತಿಯವರ ವಿಳಾಸದ ಹಾಳೆ ಕಡತದಲ್ಲಿ ಕಾಣೆಯಾಗಿರುವುದರಿಂದ, ಪರವಾನಗಿಯನ್ನು ಹಿಡಿದು ನಾಳೆ ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಪಲ್ಲಾವರಂ ಸಿಗ್ನಲಿನಲ್ಲಿ ಕಾಯತಕ್ಕದ್ದು. ಗುರುತು ಪತ್ತೆಗೆ ಬೇರೆ ದಾಖಲೆ ಕೇಳುವ ಅಗತ್ಯವಿಲ್ಲ. ಕೆಂಪು ದೀಪ ಬಿದ್ದಾಗ ಯಾವ ಕಾರು ನಿಲ್ಲುತ್ತದೆಯೋ ಅದು ಅವರದೇ.