ಕೆರೆಯ ನಡುವಿನಿಂದ ನಾಲ್ಕು ನಿಮಿಷ

ಭೂಮಿಯ ಮೇಲಿರುವ ಸಮಸ್ತ ರಸ್ತೆಗಳಲ್ಲೂ ಕಾರು ಓಡಿಸಿದ ಏಕೈಕ ಮನುಷ್ಯ ನಾನು. ಇದು ಸುಳ್ಳು, ನನಗೆ ಕಾರು ಬಿಡಲು ಬರುವುದಿಲ್ಲ, ಸೈಕಲ್ಲೂ ಅಷ್ಟಕ್ಕಷ್ಟೆ. ಆದರೆ ಈ ಟೀ ಮುಗಿಯುವುದರೊಳಗೆ ಹೇಳುವ ಮುಂದಿನದೆಲ್ಲ ಕಡತದಲ್ಲಿ ದಾಖಲಾಗಿರುವುದರಿಂದ ಅದನ್ನು ನಿಜವೆಂದೇ ಭಾವಿಸತಕ್ಕದ್ದು.

ಪ್ರತಿ ವಾರ್ಡಿನಿಂದ ದೊಡ್ಡಾಸ್ಪತ್ರೆಗೆ ಕಾರಿನಲ್ಲಿ ಎಷ್ಟು ನಿಮಿಷವೆಂದು ಆನ್‌ಲೈನ್ ನಕಾಶೆಯಲ್ಲಿ ಅಳೆದು ಬಣ್ಣ ಬಳಿಯಬೇಕೆಂದು ಪ್ರಯಾಣಕಾಲ ಕಚೇರಿಗೆ ಆದೇಶ ಬಂತು. ಇಪ್ಪತ್ತು ನಿಮಿಷದೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಕೆಂಪು ವಾರ್ಡಿಗೆ ಅದರದೇ ಒಂದು ಆಂಬುಲೆನ್ಸು.

ಬಣ್ಣ ಬಳಿಯುವ ಗುಮಾಸ್ತರಿಗೆ ಕಚೇರಿಯಲ್ಲಿ ನಿಮಿಷಣ್ಣ ಎಂದೇ ಹೆಸರು. ಅವರ ಮನೆ ಕೆರೆಯ ಆಚೆ ದಡದ ವಾರ್ಡಿನಲ್ಲಿ, ಆಸ್ಪತ್ರೆ ಈಚೆ ದಡದಲ್ಲಿ. ಕೆರೆ ಸುತ್ತಿ ಬಂದರೆ ಐವತ್ತೈದು ನಿಮಿಷ. ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿತ್ತು. "ನೋವು ಶುರುವಾದ ಅರ್ಧ ಗಂಟೆಯೊಳಗೆ ಕರ್ಕೊಂಡು ಬರಬೇಕು, ಆಮೇಲೆ ನನ್ನನ್ನ ಅನ್ನಬೇಡಿ" ಎಂದು ಡಾಕ್ಟರಮ್ಮ ಹೇಳಿದ್ದರು. ಹಾಗಾಗಿ ತಮ್ಮ ವಾರ್ಡಿನ ಸರದಿ ಬಂದಾಗ ನಿಮಿಷಣ್ಣ ಕೆಂಪು ಬಣ್ಣವನ್ನು ಮೊದಲೇ ಆರಿಸಿಟ್ಟುಕೊಂಡು ಕೂತರು.

ನಿಯಮ ಏಳರ ಪ್ರಕಾರ ಅಳತೆಯನ್ನು ವಾರ್ಡಿನ ನಟ್ಟನಡುವಿನ ಬಿಂದುವಿನಿಂದ ಶುರುಮಾಡಬೇಕು. ಕೆರೆಯೂ ವಾರ್ಡಿನ ಲೆಕ್ಕಕ್ಕೇ ಸೇರಿದ್ದರಿಂದ ಬಿಂದು ಹೋಗಿ ಕೆರೆಯೊಳಗೆ ಬಿತ್ತು. ನೀರಿನಲ್ಲಿ ಕಾರು ಹೊರಡದು ಎಂಬಷ್ಟು ಬುದ್ಧಿ ತಂತ್ರಾಂಶಕ್ಕೂ ಇತ್ತು. ಅದು ಬಿಂದುವನ್ನೆತ್ತಿ ಹತ್ತಿರದ ರಸ್ತೆಗೆ ತಂದಿಟ್ಟಿತು. ಹತ್ತಿರದ ರಸ್ತೆಯೆಂದರೆ ಈಚೆ ದಡದ ಏರಿ, ಆಸ್ಪತ್ರೆಯ ಪಕ್ಕದ್ದು. ಉತ್ತರ: ನಾಲ್ಕು ನಿಮಿಷ.

ನಿಮಿಷಣ್ಣ ಸಾಹೇಬರ ಕೋಣೆಗೆ ಓಡಿದರು.

"ಸಾರ್, ನಮ್ಮ ವಾರ್ಡಿನ ಬಿಂದು ನೀರಲ್ಲಿ ಬಿದ್ದಿದೆ."

"ಮುಳುಗಿತೇನ್ರೀ?"

"ಇಲ್ಲ ಸಾರ್."

"ಮತ್ತೇನು ತೊಂದರೆ?"

"ಅಲ್ಲಿ ಯಾರೂ ವಾಸ ಇಲ್ಲ ಸಾರ್. ಬರೀ ಮೀನು."

"ಯಾರೂ ಇಲ್ಲದ ಕಡೆಗೂ ನಾಲ್ಕೇ ನಿಮಿಷದ ಸೇವೆ! ಇದು ಸಾಧನೆ ಕಣ್ರೀ. ಹಸಿರು ಬಳೀರಿ."

"ನಮ್ಮ ಮನೆಯಿಂದ ಐವತ್ತೈದು ನಿಮಿಷ ಸಾರ್. ಮನೇಲಿ ಬಸುರಿ ಮಗಳಿದ್ದಾಳೆ."

ಸಾಹೇಬರ ಮುಖದಲ್ಲಿ ನಿಜವಾದ ಕನಿಕರ ಮೂಡಿತು. "ಮನೆ ಕಟ್ಟೋವಾಗ ವಾರ್ಡಿನ ನಡು ಎಲ್ಲಿದೆ ಅಂತ ಒಂದು ಮಾತು ವಿಚಾರಿಸಬಾರದಿತ್ತೇ?"

ನಿಮಿಷಣ್ಣ ಹಸಿರು ಬಳಿದು ಸಹಿ ಹಾಕಿದರು. ಸಹಿ ಹಾಕದಿದ್ದರೆ ಬೇರೆಯವರು ಹಾಕುತ್ತಿದ್ದರು, ಅವರ ಕೈಬರಹ ಇಷ್ಟು ಚೆನ್ನಾಗಿರಲಿಲ್ಲ. ಮರುದಿನವೇ ಪ್ರಕಟಣೆ ಹೊರಟಿತು:

"ಆಚೆ ದಡದ ನಿವಾಸಿಗಳು ಆಸ್ಪತ್ರೆಯಿಂದ ನಾಲ್ಕು ನಿಮಿಷದ ದೂರದಲ್ಲಿರುವುದಾಗಿ ಸಂತೋಷದಿಂದ ತಿಳಿಸಲಾಗುತ್ತಿದೆ. ಸೇವೆ ಬೇಕಾದವರು ವಾರ್ಡಿನ ಬಿಂದುವಿನ ಮೂಲಕವೇ ಹೊರಡತಕ್ಕದ್ದು. ಅಳತೆಯು ಕಾರಿನದಾದ್ದರಿಂದ ಕಾರಿನಲ್ಲಿ ಬಂದವರಿಗೆ ಮಾತ್ರ ತುರ್ತು ಬಾಗಿಲಲ್ಲಿ ಪ್ರವೇಶ."

ಮನೆಯಾಕೆ ಓದಿ ಹಾಳೆಯನ್ನು ಮಡಿಸಿಟ್ಟರು. "ಊರಿಗೆಲ್ಲ ನಿಮಿಷ ಹಂಚ್ತೀರಿ, ಮಗಳಿಗೆ ಅರ್ಧ ಗಂಟೆ ಉಳಿಸೋಕಾಗಲಿಲ್ವಾ ನಿಮಗೆ?"

ಮಾತು ನಾಟಿತು. ನಿಮಿಷಣ್ಣ ಮೀನು ಹಿಡಿಯುವ ದೋಣಿಯಕ್ಕನ ಹತ್ತಿರ ಹೋದರು. ದೋಣಿಯಲ್ಲಿ ನೆಟ್ಟಗೆ ಅಡ್ಡ ಹಾಯ್ದರೆ ಇಪ್ಪತ್ತೈದೇ ನಿಮಿಷ.

"ಕರ್ಕೊಂಡು ಹೋಗ್ತೀನಣ್ಣ, ಅದಕ್ಕೇನು" ಎಂದಳು ಆಕೆ.

"ದೋಣೀಲಿ ಹೋದ್ರೆ ಒಳಗೆ ಬಿಡಲ್ಲಕ್ಕ. ಕಾರೇ ಆಗಬೇಕು."

ದೋಣಿಯಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಓದಿದೋರು ನೀವು. ನಿಮ್ಮತ್ರ ವಾದ ಮಾಡೋಕಾಗುತ್ತಾ? ಕಾರೇ ತನ್ನಿ, ತೆಪ್ಪದ ಮೇಲೆ ಕೂರಿಸೋಣ, ಎಂಜಿನ್ ಮಾತ್ರ ಬಿಚ್ಚಿಸಿ. ಇಲ್ಲಾಂದ್ರೆ ಭಾರಕ್ಕೆ ಮುಳುಗಿ ಎಲ್ರೂ ನೇರ ನಿಮ್ಮ ಬಿಂದುಗೇ ಇಳೀತೀವಿ."

ಹನ್ನೆರಡು ಖಾಲಿ ಡ್ರಮ್ಮುಗಳ ತೆಪ್ಪದ ಮೇಲೆ ಗುಜರಿಯ ಕಾರೊಂದನ್ನು ಬಿಗಿದು ಕಟ್ಟಿದರು. ಸಾರಿಗೆಯವರು ಬಂದು ನೋಡಿ, ಹಾರ್ನ್ ಸದ್ದು ಮಾಡುವುದರಿಂದ ಇದು ಕಾರೇ ಎಂದು ಪ್ರಮಾಣಪತ್ರ ಕೊಟ್ಟರು.

ಒಂದು ಮಂಗಳವಾರ ಮಗಳಿಗೆ ನೋವು ಶುರುವಾಗಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ತೆಪ್ಪ ಹೊರಟಿತು. ಮಗಳು ಹಿಂದಿನ ಸೀಟಿನಲ್ಲಿ, ತಾಯಿ ಪಕ್ಕದಲ್ಲಿ. ನಿಮಿಷಣ್ಣ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಅದು ಯಾವುದಕ್ಕೂ ಅಂಟಿಕೊಂಡಿರಲಿಲ್ಲ; ಹುಟ್ಟು ಹಾಕುತ್ತಿದ್ದವಳು ದೋಣಿಯಕ್ಕ. ಕೆರೆಯ ನಡು ದಾಟುತ್ತಿದ್ದಂತೆ ಮಗಳು ಕಿರುಚಿದಳು. ದೋಣಿಯಕ್ಕ ಹುಟ್ಟನ್ನು ನಿಮಿಷಣ್ಣನ ಕೈಗೆ ತುರುಕಿದಳು. "ಆ ಚಕ್ರ ಬಿಡಣ್ಣೋ, ಇದನ್ನ ಹಾಕು! ಅವ್ವಾ, ನೀನು ತಲೆ ಹಿಡ್ಕೋ." ಹತ್ತು ಇಪ್ಪತ್ತಕ್ಕೆ ಹೆಣ್ಣುಮಗು ಹುಟ್ಟಿ ಕಾರಿನ ಹಾರ್ನಿಗಿಂತ ಜೋರಾಗಿ ಅತ್ತಿತು. ಬಾಣಂತಿ, ಮಗು ಇಬ್ಬರೂ ಕ್ಷೇಮ. ನಿಮಿಷಣ್ಣ ಅಳುತ್ತಲೇ ಹುಟ್ಟು ಹಾಕಿದರು; ತೆಪ್ಪ ಎರಡು ಸುತ್ತು ಸುತ್ತಿ ದಡ ಮುಟ್ಟಿತು.

ಆಸ್ಪತ್ರೆಯ ದಾಖಲೆ ಗುಮಾಸ್ತೆ ಪುಸ್ತಕ ತೆರೆದರು. "ಹೊರಟಿದ್ದು?"

"ಹತ್ತಕ್ಕೆ."

"ಹಾಗಾದ್ರೆ ಹತ್ತು ನಾಲ್ಕಕ್ಕೆ ಬಂದಿದ್ದೀರಿ. ಮಗು ಹುಟ್ಟಿದ್ದು?"

"ಹತ್ತು ಇಪ್ಪತ್ತಕ್ಕೆ."

"ಅಂದ್ರೆ ನಮ್ಮ ಮಂಚದ ಮೇಲೆ ಹದಿನಾರು ನಿಮಿಷ ನೋವು ತಿಂದು ಹೆತ್ತಿದ್ದಾರೆ. ಸಂತೋಷ."

"ಇಲ್ಲಮ್ಮ, ನಾವಿನ್ನೂ ಕೆರೇಲಿದ್ವಿ."

"ಕೆರೆಯಿಂದ ಇಲ್ಲಿಗೆ ನಾಲ್ಕೇ ನಿಮಿಷ ಅಂತ ಸಹಿ ಹಾಕಿರೋದು ಯಾರ್ರೀ?"

ನಿಮಿಷಣ್ಣ ಗೋಡೆಗೆ ಅಂಟಿಸಿದ್ದ ನಕಾಶೆಯ ಕೆಳಗಿನ ತಮ್ಮ ಸಹಿಯನ್ನು ನೋಡಿದರು. ಕೈಬರಹ ನಿಜಕ್ಕೂ ಚೆನ್ನಾಗಿತ್ತು. "ಹೌದಮ್ಮ. ಮಂಚ ಸ್ವಲ್ಪ ತೂಗಾಡ್ತಿತ್ತು, ಅಷ್ಟೆ."

ಆಸ್ಪತ್ರೆಯೊಳಗೆ ಅನುಮತಿಯಿಲ್ಲದೆ ಹೆರಿಗೆ ಮಾಡಿಸಿದ್ದಕ್ಕೆ ದೋಣಿಯಕ್ಕನಿಗೆ ನೋಟೀಸು ಹೋಯಿತು. "ಆ ಆಸ್ಪತ್ರೆ ಮೆಟ್ಟಿಲೇ ತುಳಿದಿಲ್ವಲ್ಲೋ ನಾನು!" ಎಂದು ಆಕೆ ಹೇಳಿದ್ದನ್ನು ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಹಾಜರಿರದ ತಪ್ಪೊಪ್ಪಿಗೆಯೆಂದು ಬರೆದುಕೊಂಡರು. ಕೊನೆಗೆ ಸಾಹೇಬರೇ ನಡುವೆ ಬಂದು ಆಕೆಯನ್ನು ಸಂಬಳವಿಲ್ಲದ ತೇಲುವ ದಾದಿಯಾಗಿ ನೇಮಿಸಿ ಪ್ರಕರಣ ಮುಗಿಸಿದರು.

ಈಗ ತೆಪ್ಪದ ಕಾರು ದಿನಕ್ಕೆ ಆರು ಸಲ ಹೋಗಿಬರುತ್ತದೆ. ಆಚೆ ದಡದವರು ಸಾಲಾಗಿ ನಿಲ್ಲುತ್ತಾರೆ, ಹತ್ತುವಾಗ ತಪ್ಪದೆ ಸೀಟ್‌ಬೆಲ್ಟ್ ಕಟ್ಟಿಕೊಳ್ಳುತ್ತಾರೆ. ವರ್ಷದ ಅತಿ ಹತ್ತಿರದ ವಾರ್ಡು ಎಂಬ ಪ್ರಶಸ್ತಿಯೂ ಅವರಿಗೇ ಬಂತು. ಮೊಮ್ಮಗಳನ್ನೆತ್ತಿಕೊಂಡು ಹೋಗಿ ಸ್ವೀಕರಿಸಿದವರು ನಿಮಿಷಣ್ಣ. ಅದನ್ನು ಕಂಡ ಕೆಂಪು ವಾರ್ಡುಗಳು, ತಮಗೆ ಆಂಬುಲೆನ್ಸು ಬೇಡ, ನಡುವೆ ಒಂದು ಕೆರೆ ತೋಡಿಸಿಕೊಡಿ ಎಂದು ಅರ್ಜಿ ಹಾಕಿವೆ. ಅಗೆಯುವ ಯಂತ್ರಗಳು ಸೋಮವಾರ ಬರುತ್ತವಂತೆ.

ಇಲ್ಲಿಂದ ನಮ್ಮನೆಗೆ ನಕಾಶೆ ಪ್ರಕಾರ ಎರಡೇ ನಿಮಿಷ, ನಾನು ಆಗಲೇ ಹೊರಟಿದ್ದೇನೆ. ಆ ಟೀ ದುಡ್ಡು ಸ್ವಲ್ಪ ನೀವೇ ನೋಡ್ಕೊಳ್ಳಿ.