ತೋಟದ ಮದ್ದಿಗೊಂದು ಸರ್ಟಿಫಿಕೇಟು

ಮಂದಿಗೆ ವರ್ಷಕ್ಕೊಂದು ಫಜೀತಿ ಆದ್ರ ನನಗ ವಾರಕ್ಕೊಂದು. ನಾ ಕರೀತೀನಂತಲ್ಲ, ನಾ ಎಲ್ಲಿ ನಿಂತಿರ್ತೀನೋ ಅಲ್ಲಿಗೇ ಅವು ವಿಳಾಸ ಕೇಳ್ಕೊಂತ ಬರ್ತಾವ. ಸಾಲಿ ಕಟ್ಟಿ ಹತ್ತದ ನಾನು ಮುಪ್ಪಿನ ಕಾಲಕ್ಕ ಪರೀಕ್ಷಾ ಕಟ್ಟಿದ್ದಂತೂ ಫಜೀತಿಗಳ ಮೆರವಣಿಗಿ.

೧. ಕೀಲಿ

ಶಹಾಪುರದಾಗ ಲಕ್ವಾ ಹೊಡೆದವರನ್ನ ಇಟ್ಟು ನೋಡ್ಕೊಳ್ಳೋ ಒಂದು ದವಾಖಾನಿ. ಅದರ ಹಿತ್ತಲ ತೋಟ ನನ್ನ ಕೈಯಾಗಿತ್ತು. ನನ್ನ ಕೈಗುಣ ಕೇಳಬ್ಯಾಡ್ರಿ. ನಾ ಬೆಳೆದ ಬದನಿಕಾಯಿ ಉಡಿಯಾಗ ಇಟ್ಕೊಂಡು ಬಸ್ ಹತ್ತಿದ ಹೆಣ್ಮಗಳಿಗೆ ಕಂಡಕ್ಟರ್, "ಕೂಸಿಗೆ ಎಷ್ಟು ವರ್ಷ ಆತಬೇ?" ಅಂತ ಕೇಳ್ಯಾನ.

ಮಂಚದ ಮ್ಯಾಲ ಗ್ವಾಡಿ ನೋಡ್ಕೊಂತ ಮಲಗಿದವರನ್ನ ನಾ ತೋಟಕ್ಕ ಕರ್ಕೊಂಡು ಹೋಗಿ ಕೈಯಾಗ ಕಸ ತೆಗಿಯೋ ಕುರ್ಪಿ ಕೊಡ್ತಿದ್ದೆ. ಕುರ್ಪಿ ಹಿಡಿದು ಹಿಡಿದು, ಸೆಟೆದ ಬೆರಳು ಬಗ್ಗತಿದ್ದವು. ಒಂದಿನ ಡಾಕ್ಟರಮ್ಮ ಬಂದು ನಿಂತ್ಲು. ಮುಖ ಸಣ್ಣದಾಗಿತ್ತು.

"ಅಜ್ಜಾ, ನೀ ಮಾಡೋದಕ್ಕ ತೋಟಗಾರಿಕೆ ಚಿಕಿತ್ಸೆ ಅಂತಾರ. ಸರ್ಟಿಫಿಕೇಟ್ ಇಲ್ಲದವ್ರು ರೋಗಿಗಳನ್ನ ತೋಟಕ್ಕ ಒಯ್ಯಬಾರದು ಅಂತ ನಮ್ಮ ಕಮಿಟಿ ಠರಾವು ಮಾಡೈತಿ. ಯಾದಗಿರ್ಯಾಗ ತರಬೇತಿ ನಡದೈತಿ. ಬರಿಯೋದಿಲ್ಲ, ಬಾಯಿಲೆ ಹೇಳಿ, ಮಾಡಿ ತೋರಿಸಿದ್ರ ಸಾಕು. ಆದ್ರ ನೀ ಫೇಲಾದ್ರ ತೋಟಕ್ಕ ಕೀಲಿ ಬೀಳ್ತೈತಿ."

ಹಿಂದ ಕಿಟಕ್ಯಾಗ ರೋಗಿಗಳೆಲ್ಲ ಕಿವಿ ಕೊಟ್ಟು ನಿಂತಿದ್ರು. ಗತ್ತು ಬಿಡಾಕ ಬರ್ತೈತೇನು?

"ಫೇಲಾಗೋದು ನಮ್ಮ ವಂಶದಾಗ ಇಲ್ರಿ," ಅಂದೆ.

"ನಿಮ್ಮ ವಂಶದಾಗ ಯಾರರ ಪರೀಕ್ಷಾ ಕಟ್ಟ್ಯಾರೇನು?"

"ಅದಕ್ಕಽ ಫೇಲಾಗಿಲ್ರಿ."

೨. ಮಣ್ಣಿನ ರುಚಿ

ಯಾದಗಿರಿ ಕ್ಲಾಸಿನ್ಯಾಗ ಕಲಿಯೋರೆಲ್ಲ ನರ್ಸಮ್ಮಗಳು, ನಾನೊಬ್ಬಾವ ರುಮಾಲಿನವ. ದಕ್ಷಿಣದ ಕಡಿಯಿಂದ ಬಂದ ಮೇಷ್ಟ್ರು ಎಲ್ಲಾರ ಮುಂದ ಒಂದೊಂದು ಬಟ್ಟಲು ಇಟ್ರು.

"ಕಣ್ಣು ಮುಚ್ಚಿ, ಇದನ್ನು ಮುಟ್ಟಿ, ಮನಸ್ಸಿಗೆ ಏನನ್ನಿಸುತ್ತೆ ಹೇಳಿ. ಇದಕ್ಕೂ ಅಂಕ ಇದೆ."

ಬಾಜೂಕಿನ ನರ್ಸಮ್ಮ, "ಶಾಂತಿ ಅನಸ್ತೈತ್ರಿ ಸರ," ಅಂದ್ಲು. ಮೇಷ್ಟ್ರು ಭಾಳ ಖುಷಿ ಆದ್ರು. ಇಷ್ಟಕ್ಕ ಖುಷಿ ಆದ್ರ ನನಗ ಬಂಗಾರದ ಪದಕಾನ ಕೊಡಬೇಕಾಗ್ತೈತಿ ಅಂತ, ಒಂದು ಚಿಟಿಕಿ ತಗೊಂಡು ನಾಲಿಗಿ ಮ್ಯಾಲ ಇಟ್ಟು ಚಪ್ಪರಿಸಿದೆ.

"ತಿಳಕೋರಿ ಸರ. ದೇವಾಪುರದ ಮಣ್ಣು. ಕಾಲುವಿ ಎಡದಂಡಿ. ಹ್ವಾದ ವರ್ಷ ಹತ್ತಿ ಹಾಕಿದ್ರು, ಈ ವರ್ಷ ಭತ್ತ."

ಮೇಷ್ಟ್ರು ಕೆಮ್ಮಿದ್ರು. "ಯಜಮಾನ್ರೇ, ಅದು ಮಣ್ಣೇ ಅಲ್ಲ. ತೆಂಗಿನ ನಾರಿನ ಪುಡಿ. ಅಂಗಡಿಯಿಂದ ತಂದಿದ್ದು."

ನರ್ಸಮ್ಮಗಳು ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು. ನಾ ಮಾತ್ರ ಕಣ್ಣು ತೆರೀಲಿಲ್ಲ, ತೆರೆದ್ರ ಸೋತಂಗ.

"ಆ ತೆಂಗಿನ ಗಿಡ ಎಲ್ಲಿತ್ತು ಅಂತ ಅಂಗಡಿಯವಂಗ ಕೇಳಿ ಬರ್ರಿ ಸರ. ಕಾಲುವಿ ಎಡದಂಡೀಗೇ ಇತ್ತು!"

೩. ಕಟ್ಟಿದ ಕೈ

ಮುಂದ ಸುರಪುರದಾಗ ಮುದುಕರು ಕೂಡೋ ಒಂದು ಆಶ್ರಮದಾಗ ಮಾಡಿ ತೋರಸೋದು. ಮೇಷ್ಟ್ರು ಮೊದಲ ಹೇಳಿಬಿಟ್ರು: "ರೋಗಿ ಕೈಲೇ ಮಾಡಿಸಬೇಕು. ನೀವು ಕೈ ಹಾಕಿದ್ರೆ ಅಲ್ಲಿಗೇ ಮುಗೀತು."

ನನ್ನ ಕೈ ಹೆಂಥಾವಂದ್ರ, ಕಸ ಕಂಡ್ರ ನನ್ನ ಮಾತೂ ಕೇಳದ ಓಡ್ತಾವ. ಅದಕ್ಕ ಜೋಡಿ ಬಂದ ಒಬ್ಬ ನರ್ಸಮ್ಮಗ ಹೇಳಿ, ನನ್ನ ರುಮಾಲಿಲೆ ಎರಡೂ ಕೈ ಬೆನ್ನ ಹಿಂದ ಬಿಗಿಸಿಕೊಂಡೆ.

ನನ್ನ ಪಾಲಿಗೆ ಬಂದಾಕಿ ಒಬ್ಬ ರಿಟೈರಾದ ಟೀಚರ್ ಬಾಯಿ. ಮೊಣಕಾಲು ನೋವಂತ ಕುರ್ಚಿ ಬಿಟ್ಟು ಏಳ್ತಿದ್ದಿಲ್ಲ.

"ಬಾಯಾರ, ಒಂದಽ ಒಂದು ಮೆಂತ್ಯಾ ಕಾಳು ಊರ್ರಿ," ಅಂದೆ.

ಆಕಿ ಚಾಳೀಸು ಸರಿಸಿ ನನ್ನ ಕೈ ನೋಡಿದ್ಲು. "ಯಾಕಪಾ, ಹೋಮ್‌ವರ್ಕ್ ಮಾಡಿಲ್ಲೇನು?"

ಅಷ್ಟರಾಗ ಗೇಟ್ ದಾಟಿ ಒಂದು ಆಡು ಬಂತು. ಸೀದಾ ಚೆಂಡುಹೂವಿನ ಸಸಿಗೆ ಬಾಯಿ ಹಾಕ್ತು. ನಾ "ಹೈ ಹೈ!" ಅಂತ ಕುಣಿದೆ. ಅದು ಒಮ್ಮೆ ನನ್ನ ಕಟ್ಟಿದ ಕೈ ನೋಡಿ, ನಿರಾಳ ಆಗಿ ಮೇಯಾಕತ್ತಿತು. ಮೇಷ್ಟ್ರ ಮುಖ ನೋಡಿದ್ರ ಕಲ್ಲು. ಮುಗೀತು, ಕೀಲಿ ಬಿತ್ತು ಅಂದ್ಕೊಂಡೆ. ಆವಾಗ ಟೀಚರ್ ಬಾಯಿ ಎದ್ದ್ಲು ನೋಡ್ರಿ! ಕುರ್ಚಿಗೆ ಆನಿಸಿದ್ದ ಊರುಗೋಲು ಎತ್ಕೊಂಡು, "ನಾ ಕೂತಾಗ ನೀ ತಿಂತೀಯೇನು?" ಅಂತ ಆಡನ್ನ ಓಣಿ ತುದಿತನಕ ಅಟ್ಟಿಸಿಕೊಂಡು ಹೋದ್ಲು. "ನಡೆದ್ರು! ನಡೆದ್ರು!" ಅಂತ ಮೇಷ್ಟ್ರು, ನರ್ಸಮ್ಮಗಳು ಎಲ್ಲಾ ಆಕಿ ಹಿಂದ ಓಡಿದ್ರು.

ನನ್ನ ಕೈ ಬಿಚ್ಚೋದು ಯಾರಿಗೂ ನೆನಪಾಗಲಿಲ್ಲ. ಹಂಗಽ ಶಹಾಪುರದ ಬಸ್ ಹತ್ತಿದೆ. ಕಂಡಕ್ಟರ್ ನನ್ನ ಹಿಂದ-ಮುಂದ ನೋಡಿ ಸಣ್ಣಗ ಕೇಳಿದ:

"ಅಜ್ಜಾ, ನಿನ್ನ ಹಿಡ್ಕೊಂಡು ಬಂದ ಪೊಲೀಸ್ರು ಎಲ್ಲಿ ಇಳಿದ್ರು?"

೪. ಕೊನೀ ಮಡಿ

ಕಡೀ ಪರೀಕ್ಷಾ ನಮ್ಮ ತೋಟದಾಗಽ. ಹೊರಗಿನಿಂದ ಬಂದ ಪರೀಕ್ಷಾ ಸಾಹೇಬ್ರು ಬಿಳೀ ಪ್ಯಾಂಟು ಹಾಕಿದ್ರು, ನಗೂದು ಮರೆತಿದ್ರು. ಹೇಳಿದ್ದು ಒಂದಽ ಮಾತು: "ಕೆಲಸಕ್ಕಿಂತ ಮೊದಲೊಮ್ಮೆ, ಆಮ್ಯಾಲೊಮ್ಮೆ ಬಿಪಿ ನೋಡ್ತೀವಿ. ಇಳಿದ್ರ ಪಾಸು. ಏರಿದ್ರ ಫೇಲು."

ಆಮ್ಯಾಲ ಕಿಟಕಿ ಕಡೆ ಬೆರಳು ಮಾಡಿ ಇಬ್ಬರನ್ನ ಕರೆದ್ರು. ಡಾಕ್ಟರಮ್ಮ ಹಣಿ ಹಣಿ ಬಡ್ಕೊಂಡ್ಲು. ಯಾಕಂದ್ರ ಒಬ್ಬನ ಹೊಲ ಕಾಲುವಿ ಮೇಲ್ದಂಡೀಗೆ, ಇನ್ನೊಬ್ಬನದು ಅದೇ ಕಾಲುವಿ ಟೇಲೆಂಡಿಗೆ, ನೀರು ಮುಟ್ಟದ ಕಟ್ಟಕಡಿಗೆ. ನೀರಿನ ಪಾಳಿ ಸಲುವಾಗಿ ಹುಟ್ಟಾ ಜಗಳ. ಲಕ್ವಾ ಹೊಡೆದಿದ್ದೂ ಮೇಲಿನವಂಗ ಬಲಕ್ಕ, ಕೆಳಗಿನವಂಗ ಎಡಕ್ಕ, ಅದರಾಗೂ ಹೊಂದಾಣಿಕಿಲ್ಲ.

ನೀರು ಹರಿಯೋ ಸಣ್ಣ ಕಾಲುವಿ ಒಂದಽ, ಸಸಿ ಮಡಿ ಎರಡು: ಮೊದಲಿಂದು ಮೇಲಿನವಂಗ, ಆಮ್ಯಾಲಿಂದು ಕೆಳಗಿನವಂಗ. ನರ್ಸಮ್ಮ ಇಬ್ಬರ ಬಿಪಿ ನೋಡಿ ಬರ್ಕೊಂಡ್ಲು, ನಾ ನಳ ಬಿಟ್ಟೆ. ಮೊದಲ ಮಡಿ ತುಂಬಿತು. ನಾ ದೇವರನ್ನ ನೆನಸೋದರಾಗ ಮೇಲಿನವ ಎಡಗೈಲೆ ಒಂದು ಮಣ್ಣಿನ ಹೆಂಟಿ ಎತ್ತಿ ನೀರಿಗೆ ಅಡ್ಡ ಒಗೆದ.

"ಏ! ದವಾಖಾನ್ಯಾಗೂ ಕಟ್ಟಿದ್ಯಾ?" ಅಂತ ಕೆಳಗಿನವ ಚೀರಿದ.

"ನನ್ನ ಪಾಳಿ ಇನ್ನಾ ಮುಗಿದಿಲ್ಲ."

"ನಿನ್ನ ಪಾಳಿ ನೀ ಸತ್ತ ಮ್ಯಾಲಽ ಮುಗಿಯೋದು!"

ಬಿಪಿ ಮಷೀನ್ ಹಿಡಿದ ನರ್ಸಮ್ಮ ಬೆವತ್ಲು. ನನ್ನ ಕಣ್ಣಿಗೆ ಗೇಟಿನ ಕೀಲಿ ಬಿಟ್ಟು ಬ್ಯಾರೆ ಏನೂ ಕಾಣವಲ್ದು. ಅಷ್ಟರಾಗ ಹಿಂದಿಂದ ಗುಡುಗಿದಂಗ ಆತು:

"ಯಾರಲೇ ನೀರು ಕಟ್ಟಿದಾವ?"

ಪರೀಕ್ಷಾ ಸಾಹೇಬ್ರು! ಬಿಳೀ ಪ್ಯಾಂಟಿನ ಮ್ಯಾಲಽ ಕೆಸರಿಗೆ ಹಾರಿ, ಎರಡೂ ಕೈಲೆ ಹೆಂಟಿ ಕಿತ್ತು ಒಗದ್ರು. "ನಮ್ಮಪ್ಪ ಟೇಲೆಂಡಿನ್ಯಾಗ ಒಣಾ ಕಾಲುವಿ ನೋಡ್ಕೊಂತ ಮುದುಕ ಆದ! ನಿಮ್ಮಂಥ ಮೇಲ್ದಂಡಿಯವರಿಂದ!" ಮುಖ ಬ್ಯಾಡಗಿ ಮೆಣಸಿನಕಾಯಿ.

ನಾ ಹೋಗಿ ಅವರ ರಟ್ಟಿ ಹಿಡಿದು ಬೇವಿನ ನೆರಳಿಗೆ ಕೂಡಿಸಿದೆ. ಕೈಯಾಗ ಒಂದು ಎಸಳು ಮರುಗ ಕೊಟ್ಟೆ. "ಸಾಹೇಬ್ರ, ಕಣ್ಣು ಮುಚ್ಚಿ ಮೂಸ್ರಿ. ಉಸಿರು ಒಳಗ... ಹೊರಗ..." ಆ ಇಬ್ರು ಜಗಳಗಂಟರು ಒಬ್ಬನ ಎಡಗೈ, ಇನ್ನೊಬ್ಬನ ಬಲಗೈ ಕೂಡಿಸಿ ಒಂದು ತಂಬಿಗಿ ನೀರು ಹಿಡ್ಕೊಂಡು ಬಂದು, "ಕುಡೀರಿ ಯಪ್ಪಾ, ಸಿಟ್ಟಾಗಬ್ಯಾಡ್ರಿ," ಅಂದ್ರು.

ನರ್ಸಮ್ಮ ಗಾಬರಿಯಾಗಿ ಮೊದಲ ಸಾಹೇಬ್ರ ಬಿಪಿಽ ನೋಡಿದ್ಲು. ಮಷೀನ್ ಹೌಹಾರಿತ್ತು. ಇನ್ನಷ್ಟು ಮರುಗ ಮೂಸಿಸಿ ಮತ್ತ ನೋಡಿದ್ಲು. ಇಳಿದಿತ್ತು. ರೋಗಿಗಳದೂ ಇಳಿದಿತ್ತು.

ನಾನಽ ಕೇಳಿದೆ, "ಸಾಹೇಬ್ರ, ನಾ ಪಾಸೋ, ಫೇಲೋ?"

ಸಾಹೇಬ್ರು ಮರುಗ ಮೂಗಿನಿಂದ ತಗೀಲಿಲ್ಲ, ಕಣ್ಣೂ ತೆರೀಲಿಲ್ಲ.

"ಪಾಸ್ ಮಾಡ್ತೀನಿ ಅಜ್ಜಾ. ಆದ್ರ ಮೊದಲ ಟೇಲೆಂಡಿಗೆ ನೀರು ಮುಟ್ಟಲಿ."